ಹಳ್ಳದ ಈಚಲು ಬನದಲ್ಲಿ ಮುದಿ ಮರ ಇವೆ, ಮರಿ ಯಾಕಿಲ್ಲ?

ಹಳ್ಳದ ದಂಡೆ (ಕನಕಗಿರಿ ಕಡೆ)
ಎಲ್ಲರಿಗೂ ನಮಸ್ಕಾರ. ನಮ್ಮೂರ ಹಳ್ಳದ ಎರಡೂ ಬದಿ ಈಚಲು ಬನ ಇದೆ. ದೂರದಿಂದ ನೋಡಿದರೆ ಚೆನ್ನಾಗೇ ಕಾಣುತ್ತದೆ. ಈ ಬೇಸಿಗೆಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ನಡೆದು ನೋಡಿದೆ. ಎತ್ತರದ ಮರಗಳಿವೆ, ಮೈ ತುಂಬಾ ಹಳೇ ಸೇಂದಿ ಕೆತ್ತಿನ ಗುರುತು. ಆದರೆ ಮೊಣಕಾಲೆತ್ತರದ ಗಿಡ ಹುಡುಕಿದರೂ ಸಿಗಲಿಲ್ಲ. ಹಣ್ಣು ಬಿಡುತ್ತಿವೆ, ಬೀಜ ಬೀಳುತ್ತಿದೆ. ಹಾಗಿದ್ದರೆ ಮರಿ ಎಲ್ಲಿ ಹೋದವು?

ಊರಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಮರಳು ತೆಗೆದದ್ದು, ಕುರಿ ಮೇಯಿಸಿದ್ದು, ಬೆಂಕಿ, ಕಸಬರಿಗೆಯವರು, ಮಳೆ ಕಡಿಮೆ ಆಗಿದ್ದು. ತೇಗ, ಗಂಧ ಅಂದರೆ ಮಾತಾಡುವವರು ಸಿಗುತ್ತಾರೆ. ಈಚಲು, ತಾಳೆ ಬಗ್ಗೆ ಯಾರೂ ಕೇಳುವುದಿಲ್ಲ. ನಿಮ್ಮ ಕಡೆ ಹೇಗಿದೆ? ಕಾರಣ ಏನಿರಬಹುದು?

ದೇವದುರ್ಗದವ
ಮರಳು. ಬೇರೆ ಕಾರಣ ಹುಡುಕಬೇಡಿ.

ಸಿರುಗುಪ್ಪ ಗದ್ದೆ
ಈಚಲು ಅಳಿಯುವ ಗಿಡವೇ ಅಲ್ಲ ಅಣ್ಣ. ನಮ್ಮ ಕಾಲುವೆ ಬದುವಿನಲ್ಲಿ ತಾನೇ ಹುಟ್ಟುತ್ತದೆ. ಕಿತ್ತು ಕಿತ್ತು ಸಾಕಾಗಿದೆ. ಮುಳ್ಳು ಕಾಲಿಗೆ ಚುಚ್ಚಿದರೆ ವಾರ ನೋವು. ಇದನ್ನು ಉಳಿಸಿ ಅಂತ ಯಾಕೆ ಹೇಳುತ್ತೀರೋ ನನಗೆ ಅರ್ಥ ಆಗುವುದಿಲ್ಲ.

ದೇವದುರ್ಗದವ
ನಿಮ್ಮ ಬದುವಿನಲ್ಲಿ ತುಂಗಭದ್ರಾ ಕಾಲುವೆಯ ಬಸಿನೀರು ಇದೆ, ಹುಟ್ಟುತ್ತದೆ. ನಮ್ಮ ಹಳ್ಳ ನೋಡಿ ಮಾತಾಡಿ. ಮೊದಲು ಮರಳು ಇದ್ದಾಗ ಮಳೆಗಾಲದ ನೀರು ಅದರೊಳಗೆ ನಿಲ್ಲುತ್ತಿತ್ತು. ಬೇಸಿಗೆಯಲ್ಲೂ ಕೈಯಲ್ಲಿ ತೋಡಿದರೆ ವರತೆ ನೀರು. ಈಗ ಜೆಸಿಬಿ ಬಂದು ಕಲ್ಲು ಕಾಣುವವರೆಗೆ ತೆಗೆದಿದೆ. ದಂಡೆ ಕುಸಿದು ಮರಗಳೇ ಬೇರು ಸಮೇತ ಮಲಗಿವೆ. ದೊಡ್ಡ ಮರದ ಬೇರು ಆಳಕ್ಕೆ ಹೋಗಿ ನೀರು ಕುಡಿಯುತ್ತದೆ. ಮೊನ್ನೆ ಹುಟ್ಟಿದ ಸಸಿ ಏನು ಕುಡಿಯಬೇಕು?

ಗಿಡದ ಟೀಚರ್, ಬಳ್ಳಾರಿ
ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ಮರ ಎಷ್ಟಿವೆ ಅಂತ ಎಣಿಸುವವರು ಇದ್ದಾರೆ, ಮರಿ ಎಷ್ಟಿವೆ ಅಂತ ನೋಡುವವರು ಕಡಿಮೆ.

ತಾಳೆ ಜಾತಿಯ ಗಿಡಗಳು ಬೇವು, ಹುಣಸೆ ತರಹ ಬೆಳೆಯುವುದಿಲ್ಲ. ಬೇವಿನ ಸಸಿ ಹುಟ್ಟಿದ ವರ್ಷವೇ ಮೇಲಕ್ಕೆ ಹೋಗುತ್ತದೆ, ಆಮೇಲೆ ನಿಧಾನಕ್ಕೆ ದಪ್ಪ ಆಗುತ್ತದೆ. ಈಚಲು, ತಾಳೆಗೆ ಕಾಂಡ ಆಮೇಲೆ ದಪ್ಪ ಮಾಡಿಕೊಳ್ಳುವ ಶಕ್ತಿ ಇಲ್ಲ. ಹಾಗಾಗಿ ಮೊದಲು ನೆಲಮಟ್ಟದಲ್ಲೇ ಕೂತು ಬುಡವನ್ನು ಪೂರ್ತಿ ಅಗಲ ಮಾಡಿಕೊಳ್ಳುತ್ತವೆ. ಇದಕ್ಕೆ ವರ್ಷಗಟ್ಟಲೆ ಬೇಕು. ಅಷ್ಟು ದಿನ ಹೊರಗೆ ಕಾಣುವುದು ನಾಲ್ಕಾರು ಗರಿ ಅಷ್ಟೇ, ಹುಲ್ಲಿನ ಜೊತೆ ಹುಲ್ಲು. ಕುರಿ ಬಾಯಿ, ಬೆಂಕಿ, ರಂಟೆ, ಟ್ರ್ಯಾಕ್ಟರ್ ಗಾಲಿ ಎಲ್ಲವೂ ಸಿಗುವುದು ಈ ವಯಸ್ಸಿನಲ್ಲೇ.

ಎರಡನೆಯದು, ಈಚಲಿಗೂ ತಾಳೆಗೂ ಬೆಳೆಯುವ ಮೊಗ್ಗು ಒಂದೇ, ತುದಿಯ ಸುಳಿಯಲ್ಲಿ. ಸುಳಿ ಹೋದರೆ ಆ ಕಾಂಡ ಸತ್ತಂತೆ. ಬೇವಿನ ಹಾಗೆ ಪಕ್ಕದಲ್ಲಿ ಚಿಗುರುವುದಿಲ್ಲ.

ಮೂರನೆಯದು, ಬೆಳೆದ ಮರ ಗಟ್ಟಿ. ಬಹಳ ವರ್ಷ ಬಾಳುತ್ತದೆ. ಅದಕ್ಕೇ ಬನ ಚೆನ್ನಾಗಿದೆ ಅಂತ ನಮಗೆ ಅನಿಸುತ್ತಿರುತ್ತದೆ. ದುಡಿಯುವವರೆಲ್ಲ ಗುಳೆ ಹೋಗಿ ಮುದುಕರಷ್ಟೇ ಉಳಿದ ಊರಿನ ಹಾಗೆ. ಮನೆಗಳೆಲ್ಲ ನಿಂತೇ ಇರುತ್ತವೆ.

ಹಳ್ಳದ ದಂಡೆ
ಟೀಚರ್, ಇದು ನಮ್ಮಲ್ಲಿ ಸರಿಯಾಗಿ ಹೊಂದುತ್ತದೆ. ಹಳ್ಳದ ಪಕ್ಕ ಪ್ರತಿ ಬೇಸಿಗೆ ಹುಲ್ಲಿಗೆ ಬೆಂಕಿ ಇಡುತ್ತಾರೆ. ಬೆಂಕಿಯಿಂದ ದೊಡ್ಡ ಮರ ಸಾಯುವುದಿಲ್ಲ, ಒಣಗರಿ ಸುಟ್ಟು ಹೋಗುತ್ತದೆ ಅಷ್ಟೇ. ಮುಂದಿನ ತಿಂಗಳು ಮತ್ತೆ ಹಸಿರು. ಅದಕ್ಕೇ ಯಾರಿಗೂ ತಪ್ಪು ಅನಿಸಿಲ್ಲ.

ಬರಿಗೆ ಮನೆ
ಕಸಬರಿಗೆಯವರು ಅಂತ ಮೇಲೆ ಬಂದಿದೆ, ಅದಕ್ಕೆ ಬರೆಯುತ್ತಿದ್ದೇನೆ. ಈಚಲು ಗರಿಯಿಂದ ಬರಿಗೆ, ಚಾಪೆ, ಬುಟ್ಟಿ ಮಾಡುವುದು ನಮ್ಮ ಮನೆತನದ ಕಸುಬು. ಗರಿ ಕೊಯ್ಯುವಾಗ ಕೆಳಗಿನ ಬಲಿತ ಗರಿ ತೆಗೆಯುತ್ತೇವೆ. ಸುಳಿಗೆ ಕೈ ಹಾಕಿದರೆ ನಮ್ಮ ಅಜ್ಜ ಕೋಲು ಹಿಡಿದು ಬರುತ್ತಿದ್ದ. ಮುಂದಿನ ವರ್ಷ ಅದೇ ಮರದ ಹತ್ತಿರ ಹೋಗಬೇಕಲ್ಲ?

ಈಗ ಬೇರೆಯವರು ಟೆಂಪೊ ತಂದು, ಕೂಲಿ ಇಟ್ಟು, ಸಿಕ್ಕಷ್ಟು ಕೊಯ್ದುಕೊಂಡು ಹೋಗುತ್ತಾರೆ. ಅವರಿಗೆ ಈ ಹಳ್ಳ ಇಲ್ಲದಿದ್ದರೆ ಮುಂದಿನ ಹಳ್ಳ. ಎಳೆ ಗಿಡದ ಗರಿ ಕೈಗೆ ಸುಲಭವಾಗಿ ಎಟುಕುತ್ತದೆ ಅಂತ ಅದನ್ನೇ ಮೊದಲು ಬೋಳಿಸುತ್ತಾರೆ. ಇದನ್ನೂ ನಮ್ಮನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಗಿಡದ ಟೀಚರ್, ಬಳ್ಳಾರಿ
ಬರಿಗೆ ಮನೆಯವರು ಹೇಳಿದ್ದು ಬಹಳ ಮುಖ್ಯ. ಪಶ್ಚಿಮ ಘಟ್ಟದಲ್ಲಿ ಕಿರು ಈಚಲು ಅಂತ ಇನ್ನೊಂದು ಜಾತಿ ಇದೆ, ಅದರ ಗರಿಯನ್ನೂ ಕಸಬರಿಗೆಗೆ ಕೊಯ್ಯುತ್ತಾರೆ. ಅದರ ಮೇಲೆ 2012ರಲ್ಲಿ ಒಂದು ಅಧ್ಯಯನ ಬಂತು. ಗರಿ ಕೊಯ್ಲು, ಬೆಂಕಿ, ದನ ಮೇಯುವುದು, ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರು. ಒಂದೊಂದರ ಹಾನಿ ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಿದರೆ ಉತ್ತರ ಸಿಗುವುದಿಲ್ಲ, ಒಂದು ಇನ್ನೊಂದರ ಪರಿಣಾಮವನ್ನೇ ಬದಲಿಸುತ್ತದೆ ಅನ್ನುವುದು ಅದರ ಸಾರ. ಆದ್ದರಿಂದ "ಮರಳು ಒಂದೇ", "ಕುರಿ ಒಂದೇ" ಅನ್ನುವ ವಾದಕ್ಕೆ ನಾನು ಒಪ್ಪುವುದಿಲ್ಲ.

ದೇವದುರ್ಗದವ
ಟೀಚರ್, ಘಟ್ಟದ ಅಧ್ಯಯನ ಘಟ್ಟಕ್ಕೆ. ನಮ್ಮಲ್ಲಿ ನೀರೇ ಇಲ್ಲದ ಮೇಲೆ ಉಳಿದದ್ದೆಲ್ಲ ಆಮೇಲಿನ ಮಾತು.

ಗಡಿನಾಡು ರಾಯಚೂರು
ಯಾರೂ ಹೇಳದ ಒಂದು ಕಾರಣ ಹೇಳುತ್ತೇನೆ. ಸೇಂದಿ ನಿಂತದ್ದು.

ನಿಜಾಮರ ಕಾಲದಲ್ಲಿ ಮರಕ್ಕೆ ಇಷ್ಟು ಅಂತ ತೆರಿಗೆ ಇತ್ತು. ಮರಗಳಿಗೆ ನಂಬರ್ ಹಾಕುತ್ತಿದ್ದರು. ಮರ ಕಡಿದರೆ ಸರ್ಕಾರಕ್ಕೂ ನಷ್ಟ, ಇಳಿಸುವವನಿಗೂ ನಷ್ಟ. ಈಡಿಗರ ಮನೆಯವರು ಬನವನ್ನು ತೋಟದಂತೆ ನೋಡಿಕೊಳ್ಳುತ್ತಿದ್ದರು. ಎಳೆ ಮರ ಮುಟ್ಟುತ್ತಿರಲಿಲ್ಲ. ಒಂದು ವರ್ಷ ಒಂದು ಮಗ್ಗುಲು ಕೆತ್ತಿದರೆ ಮುಂದಿನ ವರ್ಷ ಇನ್ನೊಂದು ಮಗ್ಗುಲು. ಹಳೇ ಈಚಲು ಮರ ಅಂಕುಡೊಂಕಾಗಿ ಕಾಣುವುದು ಅದಕ್ಕೇ.

ನಮ್ಮಲ್ಲಿ ನಿಷೇಧ ಆದ ಮೇಲೆ ಮರಕ್ಕೆ ಬೆಲೆ ಹೋಯಿತು. ಬೆಲೆ ಇಲ್ಲದ್ದನ್ನು ಇಟ್ಟಿಗೆ ಭಟ್ಟಿಗೆ ಹಾಕಿದರು. ಗಡಿ ದಾಟಿ ತೆಲಂಗಾಣಕ್ಕೆ ಹೋಗಿ ನೋಡಿ. ಅಲ್ಲಿ ಇಳಿಸುವುದು ಕಾನೂನುಬದ್ಧ. 2015ರಲ್ಲಿ ಶುರುವಾದ ಹರಿತ ಹಾರಂ ಯೋಜನೆಯಲ್ಲಿ ಈಚಲು, ತಾಳೆ ಸಸಿಗಳನ್ನೂ ನೆಟ್ಟರು. ಮಣ್ಣು ಒಂದೇ, ಮಳೆ ಒಂದೇ.

ಮಾನ್ವಿ ಅಕ್ಕ
ಸೇಂದಿ ಮತ್ತೆ ಬರಲಿ ಅನ್ನುವ ಮಾತು ಇಲ್ಲಿ ಬೇಡ. ಸಿಎಚ್ ಪೌಡರ್ (ಕ್ಲೋರಲ್ ಹೈಡ್ರೇಟ್ ಅನ್ನುವ ಮತ್ತಿನ ರಾಸಾಯನಿಕ) ಕಲಸಿದ ಸೇಂದಿ ಕುಡಿದು ನಮ್ಮ ಓಣಿಯಲ್ಲಿ ಎಷ್ಟು ಮನೆ ಹಾಳಾಗಿವೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಒಂದು ದಿನ ಸಿಗದಿದ್ದರೆ ಕೈ ನಡುಗುತ್ತದೆ, ಹುಚ್ಚರ ಹಾಗೆ ಆಡುತ್ತಾರೆ. ಮರ ಉಳಿಯಲಿ ಅಂತ ಮನುಷ್ಯರನ್ನು ಕೊಡಲು ಆಗುವುದಿಲ್ಲ.

ಗಡಿನಾಡು ರಾಯಚೂರು
ಅಕ್ಕ, ಪೌಡರ್ ಸೇಂದಿಗೂ ಮರಕ್ಕೂ ಸಂಬಂಧವೇ ಇಲ್ಲ. ಅದರಲ್ಲಿ ಮರದ ರಸ ಎಷ್ಟಿರುತ್ತದೆ? ನೀರು, ಸಕ್ಕರೆ, ಪೌಡರ್. ಮರ ಇಲ್ಲದ ಊರಲ್ಲೂ ಸಿಗುತ್ತದೆ ಅಂದರೆ ನೀವೇ ಯೋಚನೆ ಮಾಡಿ.

ಮಾನ್ವಿ ಅಕ್ಕ
ಯೋಚನೆ ಮಾಡಿಯೇ ಹೇಳುತ್ತಿದ್ದೇನೆ ತಮ್ಮಾ. ಅಸಲಿ ಸೇಂದಿ ಅಂತ ಬೋರ್ಡ್ ಹಾಕಿ ಬಾಗಿಲು ತೆಗೆದರೆ ಅದರ ಹಿಂದೆ ಪೌಡರೂ ಬರುತ್ತದೆ. ತಡೆಯುವುದು ಯಾರು? ಮರಕ್ಕೆ ಬೆಲೆ ಬರಬೇಕಾದರೆ ಹಣ್ಣಿದೆ, ಗರಿ ಇದೆ, ಬೆಲ್ಲ ಮಾಡಬಹುದು. ಬೆಲ್ಲಕ್ಕೆ ಯಾರೂ ಜಗಳ ಆಡುವುದಿಲ್ಲ.

ಒಂದು ಸಾಲು
ಈಚಲು ಬೆಲ್ಲ ತಿಂದವರು ಕೈ ಎತ್ತಿ. ಬಂಗಾಳದ್ದು ತಿಂದಿದ್ದೇನೆ, ಬಹಳ ರುಚಿ.

ಗಡಿನಾಡು ರಾಯಚೂರು
ಬೆಲ್ಲಕ್ಕೂ ಮರ ಕೆತ್ತಲೇಬೇಕು ಅಕ್ಕ. ರಸ ಇಳಿಸುವ ಕೈಗಳೇ ಇಲ್ಲ ಈಗ, ಅದು ನನ್ನ ಚಿಂತೆ. ಹೈದರಾಬಾದಿನ ನೆಕ್ಲೆಸ್ ರಸ್ತೆಯಲ್ಲಿ 2023ರಲ್ಲಿ ನೀರಾ ಕೆಫೆ ತೆರೆದರು. ಹುಳಿ ಬರುವ ಮೊದಲಿನ ರಸ, ಅಮಲಿಲ್ಲ. ಅಂಥದ್ದಾದರೂ ನಮ್ಮಲ್ಲಿ ಯಾಕಾಗಬಾರದು?

ಗಿಡದ ಟೀಚರ್, ಬಳ್ಳಾರಿ
ಕೆತ್ತುವುದರಿಂದ ಮರಕ್ಕೆ ಏನೂ ಆಗುವುದಿಲ್ಲ ಅನ್ನುವುದೂ ಸರಿಯಲ್ಲ. ಈ ಮರಗಳಲ್ಲಿ ಗಾಯ ಮುಚ್ಚಿಕೊಳ್ಳುವುದಿಲ್ಲ. ಮೂವತ್ತು ವರ್ಷದ ಹಿಂದಿನ ಕೆತ್ತು ಹಾಗೇ ಇರುತ್ತದೆ. ಬಿಡುವು ಕೊಡದೆ ಆಳವಾಗಿ ಕೆತ್ತಿದರೆ ಗಾಳಿಗೆ ಅದೇ ಜಾಗದಲ್ಲಿ ಮುರಿಯುತ್ತದೆ. ಕೆತ್ತುವುದಕ್ಕೆ ಗರಿಯನ್ನೂ ತೆಗೆಯುತ್ತಾರೆ, ಹಣ್ಣಿಗೆ ಹೋಗಬೇಕಾದ ಸತ್ವ ಮಡಕೆಗೆ ಹೋಗುತ್ತದೆ. ಕಸುಬು ಗೊತ್ತಿದ್ದವರು ಮಿತಿಯಲ್ಲಿ ಮಾಡುತ್ತಿದ್ದರು ಅನ್ನುವುದನ್ನು ಒಪ್ಪುತ್ತೇನೆ.

ಗೀಜಗ (ಸಂಡೂರು)
ಹಕ್ಕಿ ನೋಡುವವನಾಗಿ ನನ್ನ ಎರಡು ಮಾತು.

ಗೀಜಗ ಗೂಡು ಕಟ್ಟುವುದು ಹೆಚ್ಚಾಗಿ ಈಚಲಿನಲ್ಲಿ, ತಾಳೆಯಲ್ಲಿ, ಬಾವಿ ಮೇಲೆ ಬಾಗಿದ ಜಾಲಿಯಲ್ಲಿ. ಈಚಲು ಗರಿಯನ್ನೇ ಸೀಳಿ ನಾರು ಮಾಡಿಕೊಳ್ಳುತ್ತದೆ. ತಾಳೆ ಬಾನಾಡಿ ಅನ್ನುವ ಸಣ್ಣ ಹಕ್ಕಿ ಇದೆ, ಅದು ತಾಳೆ ಗರಿಯ ಕೆಳಮೈಗೆ ಎಂಜಲಿನಿಂದ ಗೂಡು ಅಂಟಿಸುತ್ತದೆ. ತಾಳೆ ಹೋದರೆ ಆ ಹಕ್ಕಿಗೆ ಬೇರೆ ಮನೆ ಹುಡುಕುವುದು ಕಷ್ಟ.

ಈಗ ಮರಿ ವಿಷಯ. ಬೀಜ ತಾಯಿಮರದ ಬುಡದಲ್ಲೇ ಬಿದ್ದರೆ ಹುಟ್ಟಿದರೂ ನೆರಳಲ್ಲಿ, ಒಣಗರಿಯ ರಾಶಿಯಲ್ಲಿ ಸಾಯುತ್ತದೆ. ಅದನ್ನು ದೂರ ಒಯ್ಯುವವರು ಬೇಕು. ನರಿ, ಕರಡಿ, ಮರಬೆಕ್ಕು ಹಣ್ಣು ನುಂಗಿ ಬೀಜವನ್ನು ಬೇರೆ ಕಡೆ ಹಿಕ್ಕೆಯಲ್ಲಿ ಹಾಕುತ್ತವೆ. ದರೋಜಿ ಕರಡಿಧಾಮ 1994ರಲ್ಲಿ ಆಯಿತು, ಅಲ್ಲಿ ಕರಡಿಗೆ ಜಾಗ ಇದೆ. ಉಳಿದ ಹಳ್ಳಗಳಲ್ಲಿ? ಸುತ್ತ ಗದ್ದೆ, ರಸ್ತೆ, ಕ್ವಾರಿ. ನರಿ ಕೂಗು ಕೇಳಿ ಎಷ್ಟು ದಿನ ಆಯಿತು ಅಂತ ನಿಮ್ಮೂರಲ್ಲಿ ಕೇಳಿ ನೋಡಿ.

ಗಿಡದ ಟೀಚರ್, ಬಳ್ಳಾರಿ
ಗೀಜಗ ಅವರೇ, ಇದಕ್ಕೆ ಬ್ರೆಜಿಲ್‌ನಲ್ಲಿ ಒಳ್ಳೆಯ ಉದಾಹರಣೆ ಇದೆ. ಅಟ್ಲಾಂಟಿಕ್ ತೀರದ ಮಳೆಕಾಡಿನಲ್ಲಿ ಜುಸಾರಾ ಅನ್ನುವ ತಾಳೆ ಇದೆ. ಒಂದೇ ಕಾಂಡ. ಅದರ ಸುಳಿಯ ಬಿಳಿ ತಿರುಳನ್ನು ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ತಿರುಳು ತೆಗೆದರೆ ಮರ ಸತ್ತಿತು. ಕಳ್ಳರು ರಾತ್ರಿ ಕಾಡಿಗೆ ನುಗ್ಗಿ ಕಡಿದರು. ಅದು ಒಂದು ಕಥೆ.

ಇನ್ನೊಂದು ಕಥೆ ಕಾಣದಂತೆ ನಡೆದದ್ದು. ಕಾಫಿ, ಕಬ್ಬು ಅಂತ ಆ ಕಾಡನ್ನು ಕಡಿದು ಚೂರು ಚೂರು ಮಾಡಿದ ಮೇಲೆ ದೊಡ್ಡ ಕೊಕ್ಕಿನ ಟೂಕನ್ ಹಕ್ಕಿಗಳು ಎಷ್ಟೋ ಚೂರುಗಳಲ್ಲಿ ಇಲ್ಲವಾದವು. ದಪ್ಪ ಬೀಜ ನುಂಗುವ ಹಕ್ಕಿ ಇಲ್ಲ. ಸಣ್ಣ ಹಕ್ಕಿಗಳು ಸಣ್ಣ ಬೀಜವನ್ನಷ್ಟೇ ಒಯ್ಯುತ್ತವೆ. ಅಂಥ ಕಡೆ ಈ ತಾಳೆಯ ಬೀಜವೇ ಸಣ್ಣದಾಗಿದೆ ಅಂತ 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಸಣ್ಣ ಬೀಜ ಬೇಗ ಒಣಗುತ್ತದೆ, ಅದರ ಸಸಿಯೂ ಚಿಕ್ಕದು. ಕೊಡಲಿ ಮುಟ್ಟದ ಮರದ ಮೇಲೂ ನಮ್ಮ ಕೈವಾಡ ಇದೆ ಅಂತ ಆಯಿತಲ್ಲ.

ಸಿರುಗುಪ್ಪ ಗದ್ದೆ
ಬ್ರೆಜಿಲ್ ಎಲ್ಲಿ, ಸಿರುಗುಪ್ಪ ಎಲ್ಲಿ. ನಾನು ಕೇಳಿದ್ದಕ್ಕೆ ಇನ್ನೂ ಉತ್ತರ ಬರಲಿಲ್ಲ. ಮನುಷ್ಯ ಕೈ ಹಾಕಿದ ಕಡೆಯೇ ಈಚಲು ಜಾಸ್ತಿ ಇದೆ. ಕಾಲುವೆ ಬಂದ ಮೇಲೆ ಹೆಚ್ಚಾಗಿದೆ, ಕಡಿಮೆ ಆಗಿಲ್ಲ.

ಗಿಡದ ಟೀಚರ್, ಬಳ್ಳಾರಿ
ನಿಮ್ಮ ಮಾತು ನಿಜ, ಅದಕ್ಕೂ ಬ್ರೆಜಿಲ್‌ನಲ್ಲೇ ಉದಾಹರಣೆ ಇದೆ. ಮಾರಾನ್ಯಾಂವ್ ಅನ್ನುವ ರಾಜ್ಯದಲ್ಲಿ ಕಾಡು ಕಡಿದು ಸುಟ್ಟ ಜಾಗದಲ್ಲಿ ಬಬಾಸು ತಾಳೆ ದಟ್ಟವಾಗಿ ಬಂದಿದೆ. ಅದರ ಸಸಿಯ ಸುಳಿ ಮೊದಲು ಮಣ್ಣಿನೊಳಗೆ ಇಳಿಯುತ್ತದೆ, ಬೆಂಕಿ ಮೇಲೆ ಹಾದು ಹೋಗುತ್ತದೆ. ಅದರ ಕಾಯಿ ಒಡೆದು ಬದುಕುವ ಸಾವಿರಾರು ಹೆಣ್ಣುಮಕ್ಕಳು ಇದ್ದಾರೆ. ಖಾಸಗಿ ಜಮೀನಿನಲ್ಲೂ ಕಾಯಿ ಆಯುವ ಹಕ್ಕಿಗಾಗಿ ಹೋರಾಡಿದರು, ಕೆಲವು ಊರುಗಳಲ್ಲಿ ಕಾನೂನೂ ಆಯಿತು.

ಅಂದರೆ ಎಲ್ಲ ತಾಳೆಗಳ ಹಣೆಬರಹ ಒಂದೇ ಅಲ್ಲ. ಬಿಸಿಲು ಸಹಿಸುವ, ಬೆಂಕಿ ತಾಳುವ ಜಾತಿಗಳು ನಾವು ಕೆಡಿಸಿದ ಜಾಗದಲ್ಲೂ ಗೆಲ್ಲುತ್ತವೆ. ದಟ್ಟ ಕಾಡಿನ ನೆರಳು ಬೇಕಾದವು ಸೋಲುತ್ತವೆ. ಜಗತ್ತಿನಲ್ಲಿ ತಾಳೆ ಕುಟುಂಬದ ಜಾತಿಗಳು ಎರಡೂವರೆ ಸಾವಿರದಷ್ಟಿವೆ. ಅರ್ಧಕ್ಕಿಂತ ಹೆಚ್ಚು ಅಪಾಯದಲ್ಲಿ ಇರಬಹುದು ಅಂತ ಲಂಡನ್ನಿನ ಕ್ಯೂ ಸಸ್ಯೋದ್ಯಾನದವರಿದ್ದ ತಂಡ 2022ರಲ್ಲಿ ಅಂದಾಜು ಮಾಡಿತು. ನಮ್ಮ ಈಚಲು ಆ ಪಟ್ಟಿಯ ಗಿಡ ಅಂತ ನಾನು ಹೇಳುತ್ತಿಲ್ಲ. ಭಾರತದ ತುಂಬಾ ಇದೆ. ಆದರೆ ಕನಕಗಿರಿ ಹಳ್ಳದ ಬನ ಹೋದರೆ ಆ ಹಳ್ಳಕ್ಕೆ ಹೋಯಿತು. ನಿಮ್ಮ ಬದುವಿನಲ್ಲಿ ಹುಟ್ಟಿದ್ದನ್ನು ನೀವೇ ಕೀಳುತ್ತೀರಿ, ಅಲ್ಲಿ ಬನ ಆಗುವುದಿಲ್ಲ.

ಜೊಯಿಡಾದಲ್ಲಿರುವ ಕೊಪ್ಪಳದವ
ಕೆಲಸದ ಮೇಲೆ ಉತ್ತರ ಕನ್ನಡದಲ್ಲಿದ್ದೇನೆ. ಇಲ್ಲಿ ಟೀಚರ್ ಹೇಳಿದ "ಸೋಲುವ" ತಾಳೆಗಳನ್ನು ನೋಡಬಹುದು. ಬೆತ್ತವೂ ತಾಳೆ ಕುಟುಂಬದ್ದೇ ಅಂತ ನಮ್ಮ ಕಡೆ ಬಹಳ ಜನರಿಗೆ ಗೊತ್ತಿಲ್ಲ. ಕುರ್ಚಿ, ಬುಟ್ಟಿಗೆ ಬೆತ್ತ ಕಡಿಯುವವರು ಉದ್ದ ಬಳ್ಳಿಯನ್ನೇ ಹುಡುಕುತ್ತಾರೆ. ಹಣ್ಣು ಬಿಡುವುದೂ ಅದೇ. ಬೀಜ ಆಗುವ ಮೊದಲೇ ಕಡಿದರೆ ಮುಂದಿನದು ಎಲ್ಲಿಂದ?

ಬಗನಿ (ಬೈನೆ) ಮರ ಇನ್ನೂ ಪಾಪ, ಅದೂ ತಾಳೆ ಕುಟುಂಬದ್ದೇ. ಜೀವನದಲ್ಲಿ ಒಂದೇ ಸಲ ಹೂ ಬಿಡುವ ಕಾಲ. ಮೇಲಿನಿಂದ ಶುರುವಾಗಿ ಒಂದೊಂದೇ ಗೊನೆ ಕೆಳಗೆ ಬರುತ್ತದೆ, ಕೊನೆ ಗೊನೆ ಮುಗಿದರೆ ಮರ ಸಾಯುತ್ತದೆ. ಬುಡದಲ್ಲಿ ಬಾಳೆಯ ಹಾಗೆ ಕಂದು ಬರುವುದಿಲ್ಲ. ಹೂ ಬಿಡುವ ಮೊದಲೇ ತಿರುಳಿಗೆ ಕಡಿದರೆ ಆ ಮರದ ಸಂತತಿಯೇ ಮುಗಿಯಿತು. ಹಣ್ಣಾದರೆ ಮಂಗಟ್ಟೆ, ಮರಬೆಕ್ಕು ತಿಂದು ಬೀಜ ಹರಡುತ್ತವೆ.

ಒಂದು ಸಾಲು
ನಮ್ಮೂರಲ್ಲಿ ಸಣ್ಣ ಈಚಲು ಕಡಿದು ಒಳಗಿನ ಬಿಳಿ ತಿರುಳು ತಿನ್ನುತ್ತಾರೆ. ಅದೂ ಬ್ರೆಜಿಲ್ ಕಥೆಯೇ ಆಯಿತಲ್ವಾ?

ಹಳ್ಳದ ದಂಡೆ
ಹೌದು, ನಮ್ಮಲ್ಲೂ ಕುರಿ ಕಾಯುವ ಹುಡುಗರು ತಿನ್ನುತ್ತಾರೆ. ತೆಗೆಯುವುದು ಎಳೆ ಗಿಡದಲ್ಲೇ, ದೊಡ್ಡದು ಕೈಗೆ ಸಿಗುವುದಿಲ್ಲ. ಇದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಬರಿಗೆ ಮನೆ
ಗಂಡು ಮರ, ಹೆಣ್ಣು ಮರ ವಿಷಯ ಯಾರೂ ಎತ್ತಿಲ್ಲ. ಈಚಲಲ್ಲಿ ಎರಡೂ ಬೇರೆ ಬೇರೆ. ಹಣ್ಣು ಬಿಡುವುದು ಹೆಣ್ಣು ಮಾತ್ರ. ನಮ್ಮ ಹಳ್ಳದಲ್ಲಿ ಹಣ್ಣು ಬಿಡಲ್ಲ ಅಂತ ಗಂಡು ಮರಗಳನ್ನೇ ಆರಿಸಿ ಕಡಿದರು. ಈಗ ಉಳಿದ ಹೆಣ್ಣು ಮರಗಳಲ್ಲೂ ಕಾಯಿ ಕಡಿಮೆ.

ಗಿಡದ ಟೀಚರ್, ಬಳ್ಳಾರಿ
ಪೆರುವಿನಲ್ಲಿ ಇದರ ತಿರುಗುಮುರುಗು ಆಗಿದೆ. ಇಕಿಟೋಸ್ ಪೇಟೆಗೆ ಅಗ್ವಾಹೆ ಅನ್ನುವ ತಾಳೆ ಹಣ್ಣು ಬರುತ್ತದೆ. ಮರ ಬಹಳ ಎತ್ತರ. ಹತ್ತುವ ಬದಲು ಕಡಿದೇ ಹಣ್ಣು ಕೊಯ್ದರು. ಹೆಣ್ಣು ಮರ ಹೋಗಿ ಜೌಗಿನಲ್ಲಿ ಗಂಡು ಮರವಷ್ಟೇ ಉಳಿದ ಜಾಗಗಳಿವೆ. ಈಗ ಹತ್ತುವ ಪಟ್ಟಿ ಕೊಟ್ಟು, ಹತ್ತಿ ಕೊಯ್ಯುವುದನ್ನು ಕಲಿಸುತ್ತಿದ್ದಾರೆ.

ಗೀಜಗ (ಸಂಡೂರು)
ಬಳ್ಳಾರಿ ಜಾಲಿ ಮರೆತಿರಾ? ಹಳ್ಳದ ದಂಡೆ ತುಂಬಾ ಅದೇ. ಅಮೆರಿಕ ಖಂಡದಿಂದ ಬಂದು ನಮ್ಮ ಜಿಲ್ಲೆಯ ಹೆಸರು ಹೊತ್ತು ಕೂತಿದೆ. ಮೇಲೆ ದಟ್ಟ ನೆರಳು, ಕೆಳಗೆ ಬೇರಿನ ಬಲೆ. ಅದರ ಬುಡದಲ್ಲಿ ಈಚಲು ಸಸಿ ಮೇಲೇಳುವುದನ್ನು ನಾನಂತೂ ನೋಡಿಲ್ಲ.

ಸಿರುಗುಪ್ಪ ಗದ್ದೆ
ಇದನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಜಾಲಿ ಕಡಿದು ಇದ್ದಿಲು ಸುಡುವವರಿಗೆ ಕೊಟ್ಟರೂ ಎರಡು ಮಳೆಗೆ ಮತ್ತೆ ಬರುತ್ತದೆ. ಈಗ ಪಾಮ್ ಆಯಿಲ್ ಗಿಡ ಹಾಕಿ ಅಂತಲೂ ಹೇಳುತ್ತಿದ್ದಾರೆ. ಅದು ಹೇಗೆ?

ದೇವದುರ್ಗದವ
ಅದು ಆಫ್ರಿಕಾದ್ದು, ನೀರು ಕುಡಿಯುತ್ತದೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಅಣ್ಣ.

ಮಾನ್ವಿ ಅಕ್ಕ
ಒಂದು ಮಾತು. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಸೇಂದಿ ಅನ್ನುತ್ತಾರೆ ಅಂತ ಗಾದೆ ಇದೆಯಲ್ಲ, ಆ ಕೆಟ್ಟ ಹೆಸರೇ ಮರಕ್ಕೆ ಮುಳುವಾಗಿದೆ. ಊರ ಹಿರಿಯರು ಆಲ, ಬನ್ನಿ, ಬೇವು ಕಡಿಯಲು ಬಿಡುವುದಿಲ್ಲ. ಈಚಲು ಕಡಿದರೆ ಒಳ್ಳೆಯದೇ ಆಯಿತು ಅನ್ನುತ್ತಾರೆ. ನಾನು ಸೇಂದಿ ವಿರೋಧಿ. ಮರದ ವಿರೋಧಿ ಅಲ್ಲ. ಮೇ ಕೊನೆಗೆ ನಮ್ಮ ಸಂತೆಯಲ್ಲಿ ಈಚಲು ಹಣ್ಣು ಮಾರುವ ಮುದುಕಿಯರು ಇದ್ದಾರೆ, ಅವರಿಗೆ ಆ ತಿಂಗಳ ಸಂಪಾದನೆ ಅದೇ.

ಗಡಿನಾಡು ರಾಯಚೂರು
ಇದಕ್ಕೆ ನನ್ನದೂ ಒಪ್ಪಿಗೆ ಅಕ್ಕ. ತಮಿಳುನಾಡಿನಲ್ಲಿ ತಾಳೆ ರಾಜ್ಯದ ಮರ. ಜಿಲ್ಲಾಧಿಕಾರಿ ಅನುಮತಿ ಇಲ್ಲದೆ ಕಡಿಯುವಂತಿಲ್ಲ ಅಂತ 2021ರ ಕೃಷಿ ಬಜೆಟ್‌ನಲ್ಲಿ ಹೇಳಿದರು. ಅಲ್ಲಿ ಸೇಂದಿ ಇಳಿಸುವುದಕ್ಕೆ ನಿಷೇಧವೂ ಇದೆ. ಎರಡೂ ಒಟ್ಟಿಗೆ ಸಾಧ್ಯ.

ಹಳ್ಳದ ದಂಡೆ
ಸರಿ, ನಾವು ಏನು ಮಾಡಬಹುದು ಹೇಳಿ. ನಮ್ಮ ಪಂಚಾಯ್ತಿ ಸದಸ್ಯರೊಬ್ಬರು ಕೇಳುವ ಮನಸ್ಸಿನವರು. ಊರಿಗೇ ಬೇಲಿ ಹಾಕಲು ಆಗುವುದಿಲ್ಲ, ಕುರಿಯವರ ಹೊಟ್ಟೆ ಮೇಲೆ ಹೊಡೆಯಲೂ ಆಗುವುದಿಲ್ಲ.

ಗಿಡದ ಟೀಚರ್, ಬಳ್ಳಾರಿ
ಪೂರ್ತಿ ಹಳ್ಳಕ್ಕೆ ಬೇಲಿ ಬೇಡ. ಒಂದು ತುಂಡು ಆರಿಸಿ. ಬುಡ ಕಟ್ಟುವ ವರ್ಷಗಳು ದಾಟುವವರೆಗೆ ಅಲ್ಲಿ ಕುರಿ, ಬೆಂಕಿ ಎರಡೂ ಬೇಡ ಅಂತ ಕುರಿಯವರ ಜೊತೆ ಕೂತು ಮಾತಾಡಿ. ಉಳಿದ ಕಡೆ ಮೇಯಲಿ. ಗಿಡ ತಲೆ ಎತ್ತಿದ ಮೇಲೆ ಇನ್ನೊಂದು ತುಂಡು. ಬಳ್ಳಾರಿ ಜಾಲಿ ಕಡಿದು ಅದೇ ಮುಳ್ಳನ್ನು ಬೇಲಿಗೆ ಹಾಕಿ, ಎರಡು ಕೆಲಸ ಆಗುತ್ತದೆ.

2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಿಮ್ಮ ಬನ ಅದರಲ್ಲಿ ಇದೆಯಾ ಕೇಳಿ. ದೊಡ್ಡ ಮರ, ನಡು ವಯಸ್ಸಿನದು, ಸಸಿ, ಗಂಡು, ಹೆಣ್ಣು ಅಂತ ಬೇರೆ ಬೇರೆ ಬರೆಸಿ. ಬರೀ "ಈಚಲು ಇದೆ" ಅಂದರೆ ಪ್ರಯೋಜನ ಇಲ್ಲ.

ದೇವದುರ್ಗದವ
ಮರಳು ತೆಗೆಯುವ ತುಂಡಿನಲ್ಲಿ ಮಾಡಬೇಡಿ, ಮೊದಲ ಮಳೆಗೆ ಕೊಚ್ಚಿ ಹೋಗುತ್ತದೆ. ಮೇಲ್ಭಾಗ ನೋಡಿ, ಹಳ್ಳ ಅಗಲ ಇರುವ ಕಡೆ.

ಬರಿಗೆ ಮನೆ
ಬೀಜ ಹಾಕುವುದಾದರೆ ಹಣ್ಣಾದ ತಕ್ಷಣ ತಿರುಳು ತೊಳೆದು ನೇರ ನೆಲದಲ್ಲೇ ಹಾಕಿ. ಕಿತ್ತು ನೆಟ್ಟರೆ ಬರುವುದು ಕಷ್ಟ. ಗರಿ ಕೊಯ್ಯುವ ಮನೆಗಳನ್ನು ಮಾತಿಗೆ ಕರೆಯಿರಿ. ಯಾವ ಹಳ್ಳದಲ್ಲಿ ಎಷ್ಟಿದೆ ಅಂತ ನಮಗಿಂತ ಚೆನ್ನಾಗಿ ಗೊತ್ತಿರುವವರು ಯಾರೂ ಇಲ್ಲ.

ಹಳ್ಳದ ದಂಡೆ
ಖಂಡಿತ ಕರೆಯುತ್ತೇವೆ. ನಮ್ಮ ಬನದಲ್ಲಿ ಗಂಡು ಎಷ್ಟು, ಹೆಣ್ಣು ಎಷ್ಟು ಅಂತ ಮೊದಲು ಎಣಿಸಿ ಇಲ್ಲೇ ಹಾಕುತ್ತೇನೆ. ತಾಳೆಯನ್ನೂ ಸೇರಿಸೋಣ ಅಂತ ಆಸೆ. ಬೀಜ ಎಲ್ಲಿ ಸಿಗುತ್ತದೆ?

ಗಡಿನಾಡು ರಾಯಚೂರು
ನಮ್ಮ ಕಡೆ ಮಳೆಗಾಲದಲ್ಲಿ ಹಣ್ಣು ತಾನೇ ಉದುರುತ್ತದೆ. ತಾಟಿನಿಂಗು ಅಂತ ಎಳೆಯದಿದ್ದಾಗಲೇ ಎಲ್ಲ ಕೊಯ್ದು ಮಾರುತ್ತಾರೆ, ಅದಕ್ಕೇ ಒಂದೆರಡು ಮರ ಕೊಯ್ಯಬೇಡಿ ಅಂತ ಈಗಲೇ ಹೇಳಿ ಇಡುತ್ತೇನೆ. ತಾಳೆ ಬೀಜ ಮೊಳಕೆಯನ್ನು ಉದ್ದಕ್ಕೆ ನೆಲದೊಳಗೆ ಬಿಡುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸಬೇಡಿ. ಚೀಲ ತಗೊಂಡು ಆಗಸ್ಟ್‌ನಲ್ಲಿ ಬನ್ನಿ.

ಸಿರುಗುಪ್ಪ ಗದ್ದೆ
ನನ್ನ ಬದುವಿನ ಈಚಲು ಸಸಿ ಬೇಕಾದರೆ ಬುಡದ ಮಣ್ಣು ಸಮೇತ ತೋಡಿಕೊಂಡು ಹೋಗಿ. ಬದುಕಿದರೆ ಬದುಕಲಿ. ಕೆಲವನ್ನು ಕಾಲುವೆ ಆಚೆ ಬದಿಗೆ ಹಾಗೇ ಬಿಡುತ್ತೇನೆ.